ಬುರಾನನ ಎದೆಯ ಬಿಲ್ಲೆ

ನಾನು ಎರಡು ಅಂಗೈಯಗಲದ, ಅರ್ಧಚಂದ್ರಾಕಾರದ ಹಿತ್ತಾಳೆ ಬಿಲ್ಲೆ. ಆಸ್ಟ್ರೇಲಿಯಾದ ಬಂದರಿನ ಊರೊಂದರಲ್ಲಿ ಕಂಚುಗಾರನೊಬ್ಬ ನನ್ನನ್ನು ತಟ್ಟಿ, ಮೈಮೇಲೆ ‘ರಾಜ ಬುರಾನ್’ ಎಂದು ಕೆತ್ತಿದ. ಮಾಡಿಸಿದವನು ಕ್ರಾಡಕ್, ಒಳನಾಡಿನ ಹೊಳೆದಂಡೆಗೆ ಬೇಲಿ ಹಾಕಿ ತನ್ನದು ಮಾಡಿಕೊಂಡ ಬಿಳಿಯ ಕುರಿ ಸಾಹುಕಾರ.

ಬುರಾನ್ ಆ ಹೊಳೆಯವನು. ಅವನ ಅಜ್ಜ ಮುತ್ತಜ್ಜಂದಿರೆಲ್ಲ ಅಲ್ಲೇ ಮೀನು ಹಿಡಿದವರು. ಕ್ರಾಡಕ್ ನನ್ನನ್ನು ಸರಪಳಿ ಸಮೇತ ಅವನ ಕೊರಳಿಗೆ ಹಾಕಿ, “ಇದು ಮೈಮೇಲಿದ್ರೆ ನಿನ್ನ ಜನರನ್ನ ಯಾರೂ ಮುಟ್ಟಲ್ಲ. ನೀವೂ ನನ್ನ ಕುರಿ ಮುಟ್ಟಬಾರದು” ಎಂದ.

ಬುರಾನನ ಹೆಂಡತಿ ಅಲಿಂಟಾ ನನ್ನನ್ನು ಬೆರಳಿಂದ ತಟ್ಟಿ ನೋಡಿದಳು. “ನಮ್ಮ ಹೊಳೆಗೆ ನಿನ್ನನ್ನ ರಾಜ ಮಾಡೋಕೆ ಇವನ್ಯಾರು?”

“ಮಕ್ಕಳು ಬದುಕ್ಕೊಳ್ಳಲಿ ಬಿಡು,” ಅಂದ ಬುರಾನ್.

ಎರಡು ವರ್ಷ ಅವನ ಬೆವರಿನಲ್ಲಿ ನೆನೆದೆ. ಕುರಿಗಳು ಹೊಳೆಯನ್ನು ತುಳಿದು ಕೆಸರು ಮಾಡಿದವು. ಗೆಡ್ಡೆಗೆಣಸು ಉಳಿಯಲಿಲ್ಲ, ಕಾಂಗರೂಗಳು ದೂರ ಹೋದವು. ಆಚೆ ದಂಡೆಯಲ್ಲಿ ಯಾರೋ ಹಸಿದವರು ಮೂರು ಕುರಿ ಕೊಂದರು. ಮಾರನೆಯ ಬೆಳಿಗ್ಗೆ ಹನ್ನೊಂದು ಮಂದಿ ಕುದುರೆ ಸವಾರರು ಬಂದರು. ಮುಂದಿದ್ದವನು ಕ್ರಾಡಕ್.

ಜನ ಜೊಂಡಿನೊಳಗೆ ಓಡಿದರು. ಬುರಾನ್ ಓಡಲಿಲ್ಲ. ಎದೆಯ ಮೇಲೆ ನನ್ನನ್ನು ಎರಡೂ ಕೈಯಿಂದ ಎತ್ತಿ ತೋರಿಸುತ್ತ ಅವರೆದುರು ನಡೆದ.

“ಇದು ನೀನೇ ಕೊಟ್ಟಿದ್ದು,” ಎಂದ.

ಕ್ರಾಡಕ್ ಬಂದೂಕು ಎತ್ತಿದ. ಬಿಸಿಲಿಗೆ ನಾನು ಹೊಳೆಯುತ್ತಿದ್ದೆ. ಗುರಿ ಇಡಲು ಇನ್ನೇನು ಬೇಕು? ಗುಂಡು ನನ್ನ ಅಂಚನ್ನು ಸೀಳಿ ಬುರಾನನ ಎದೆ ಹೊಕ್ಕಿತು. ಮಧ್ಯಾಹ್ನ ಕಳೆದರೂ ಜೊಂಡಿನಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲ. ಅವನ ಇಬ್ಬರು ಮಕ್ಕಳೂ ಬದುಕಲಿಲ್ಲ.

ಕ್ರಾಡಕ್ ನನ್ನನ್ನು ಬಿಚ್ಚಿಕೊಂಡು, ಹೊಳೆಯಲ್ಲಿ ತೊಳೆದು, ಮನೆಯ ಗೋಡೆಗೆ ನೇತುಹಾಕಿದ. ಬದುಕುಳಿದ ಅಲಿಂಟಾಳನ್ನು ಅವನ ಅಡುಗೆಮನೆಯ ಕೆಲಸಕ್ಕೆ ಹಚ್ಚಿದರು, ಮೇರಿ ಎಂದು ಹೆಸರಿಟ್ಟರು. ವಾರಕ್ಕೊಮ್ಮೆ ಬೂದಿ ಹಾಕಿ ನನ್ನನ್ನು ಉಜ್ಜುವುದೂ ಅವಳ ಪಾಲಿಗೇ ಬಂತು. ಸೀಳಿದ ಅಂಚಿಗೆ ಬಂದಾಗ ಅವಳ ಬೆರಳು ನಿಂತುಬಿಡುತ್ತಿತ್ತು.

ಒಮ್ಮೆ ಅತಿಥಿಯೊಬ್ಬ ನನ್ನನ್ನು ತೋರಿಸಿ, “ಇವನ ಜನ ಈಗೆಲ್ಲಿದ್ದಾರೆ?” ಎಂದು ಕೇಳಿದ.

“ಪಾಪ, ಜ್ವರ ಬಂದು ಹೋಗಿಬಿಟ್ರು,” ಅಂದ ಕ್ರಾಡಕ್. “ಒಬ್ರೂ ಉಳೀಲಿಲ್ಲ.”

ಅಲಿಂಟಾ ಅವರಿಬ್ಬರ ನಡುವೆ ಚಹಾ ಇಟ್ಟು ಒಳಗೆ ಹೋದಳು.

ಅವಳು ತೀರಿಕೊಂಡು ಎಷ್ಟೋ ಕಾಲವಾಯಿತು. ನಾನೀಗ ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಕೆಳಗಿನ ಚೀಟಿಯಲ್ಲಿ ‘ಕ್ರಾಡಕ್ ಮನೆತನದ ಉದಾರ ಕೊಡುಗೆ’ ಎಂದಿದೆ. ಓದಿದವರು ತಲೆದೂಗಿ ಮುಂದೆ ಹೋಗುತ್ತಾರೆ. ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ನಾನೊಂದೇ. ಸಾಕ್ಷಿ ಹೇಳು ಎಂದು ನನ್ನನ್ನು ಯಾರೂ ಕರೆಯುವುದಿಲ್ಲ.