ಸೆನೆಟರನ ಒಪ್ಪಿಗೆ

ಶಿವಪ್ರಕಾಶನ ಕಾಲು ಮುರಿದ ಸದ್ದನ್ನು ನಾನು ಈಗಲೂ ಬಾಯಲ್ಲಿ ಮಾಡಿ ತೋರಿಸಬಲ್ಲೆ. ಒಣ ಜಾಲಿಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಮಂಡಿಗೆ ಕೊಟ್ಟು ಮುರಿದರೆ ಬರುತ್ತದಲ್ಲ, ಅದೇ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಕ್ಯಾಂಟೀನಿನ ಗ್ರೈಂಡರಿನವರೆಗೆ ಎಲ್ಲವೂ ನನ್ನ ಬಾಯಿಗೆ ಬರುತ್ತಿದ್ದವು. ಆದರೆ ಅದೇ ಶನಿವಾರ ಕೇಳಿದ ಇನ್ನೊಂದು ಸದ್ದಿದೆ. ಅದನ್ನು ಮಾತ್ರ ಯಾರು ಕೇಳಿದರೂ ಮಾಡುವುದಿಲ್ಲ.

ಊರು ಸ್ಯಾನ್ ಬೆನಿಲ್ಡೊ. ನಾವೆಲ್ಲ ಕೆಲಸಕ್ಕೆಂದು ಬಂದು ನೆಲೆಸಿದ್ದ ಕ್ಯಾಂಪ್‌ಬೆಲ್ಲಿನಿಂದ ಫ್ರೀವೇ ಹಿಡಿದರೆ ದಕ್ಷಿಣಕ್ಕೆ ಒಂದು ಗಂಟೆ. ಬೋರ್ಡಿನಲ್ಲಿ 'ಸಿಟಿ' ಎಂದಿದೆ. ನಮ್ಮ ಮಂಡ್ಯದ ಕಡೆ ಅಷ್ಟು ಮನೆಗಳಿದ್ದರೆ ಹೋಬಳಿ ಎನ್ನಲೂ ಎರಡು ಸಲ ಯೋಚಿಸುತ್ತಾರೆ. ಒಂದು ಸಿಗ್ನಲ್ಲು, ಒಂದು ಚರ್ಚು, ಹುಲ್ಲು ಹಿಂಡಿ ಮಾರುವ ಒಂದು ಅಂಗಡಿ, ಸುತ್ತಲೂ ಬೆಳ್ಳುಳ್ಳಿ ಹೊಲ. ಬೆಂಕಿ ಬಿದ್ದರೆ ಸಂಬಳದವರು ಯಾರೂ ಬರುವುದಿಲ್ಲ. ಸೈರನ್ನು ಕೂಗಿದ ಕೂಡಲೇ ಬಡಗಿ, ಕ್ಷೌರಿಕ, ಶಾಲೆಯ ಮೇಷ್ಟ್ರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಹಾಗೆ ಓಡುವ ಇಪ್ಪತ್ತೆರಡು ಜನವೇ ಊರು. ಉಳಿದವರು ಬರೀ ವಿಳಾಸ.

ನಮ್ಮ ಗೆಳೆಯ ಹನುಮಂತರಾಜುವಿಗೆ ವಿಳಾಸವಾಗಿರುವುದು ಸಾಕಾಗಿತ್ತು. ತೊಂಬತ್ತೆಂಟರಲ್ಲಿ ಕ್ಯಾಂಪ್‌ಬೆಲ್ಲಿನ ಮನೆಗಳು ಕೈಗೆ ಸಿಗದಷ್ಟು ಮೇಲೆ ಹೋದಾಗ ಇಲ್ಲಿ ಹಿತ್ತಲಿರುವ ಮನೆ ಕೊಂಡಿದ್ದ. ವಾರವಿಡೀ ಮೆನ್ಲೋ ಪಾರ್ಕಿನ ಸಾಫ್ಟ್‌ವೇರ್ ಆಫೀಸು, ಶನಿವಾರ ಬೆಂಕಿ ಲಾರಿ ತೊಳೆಯುವ ಸೇವೆ. ಎರಡು ವರ್ಷ ತೊಳೆದ ಮೇಲೆ ಅವನನ್ನು ಇಪ್ಪತ್ಮೂರನೆಯವನಾಗಿ ಸೇರಿಸಿಕೊಳ್ಳುವ ಮಾತು ಎದ್ದಿತ್ತು. ಆ ಶನಿವಾರದ ಮುಂದಿನ ಸೋಮವಾರ ಸಭೆಯಲ್ಲಿ ಅದಕ್ಕೆ ಕೈ ಎತ್ತುವವರಿದ್ದರು. ಬೂಟು ಆಗಲೇ ತಂದು ಬಾಗಿಲ ಬಳಿ ಜೋಡಿಸಿಟ್ಟಿದ್ದ.

"ಆಫೀಸ್ನಲ್ಲಿ ನಾನಿಲ್ದಿದ್ರೆ ಇನ್ನೊಬ್ಬ ಇರ್ತಾನೆ ಕಣೋ ಗುರು," ಎಂದಿದ್ದ ನನಗೆ. "ಆ ಸೈರನ್ ಹೊಡೆದಾಗ ಓಡೋರ್ಗೆ ಬದ್ಲಿ ಇರಲ್ಲ."

ದಳದವರ ಮುಂದೆ ಅವನ ಹೆಸರನ್ನು ಎತ್ತಿದವಳು ಪಕ್ಕದ ಮನೆಯ ಡೋರಿಸಜ್ಜಿ. ಅವಳ ತೀರಿಹೋದ ಗಂಡ ಆ ದಳಕ್ಕೆ ಮೂವತ್ತು ವರ್ಷ ಕ್ಯಾಪ್ಟನ್. ಅವಳು ಮಾತಾಡಿದರೆ ಒಂದೊಂದು ಪದವೂ ಗಬ್ಬದ ಎಮ್ಮೆಯ ಹಾಗೆ ನಿಂತು ನಿಂತು ರಸ್ತೆ ದಾಟುತ್ತಿತ್ತು. ಹನುಮಂತರಾಜು ಎನ್ನಲಾಗದೆ ಊರಿಗೆಲ್ಲ ಅವನನ್ನು 'ಹ್ಯಾಂಕ್' ಮಾಡಿದವಳೂ ಅವಳೇ. ಅವಳ ಬಳಿ ಒಂದು ಟಗರಿತ್ತು. ಸುರುಳಿ ಕೊಂಬು, ತುಂಬಿದ ಗದ್ದ, ಯಾರನ್ನೂ ನೇರವಾಗಿ ನೋಡದ ಕಣ್ಣು, ಹೆಸರು ಸೆನೆಟರ್. ಮಂಡಿಯ ಆಪರೇಷನ್ ಆದ ಮೇಲೆ ಅವಳಿಗೆ ಅದನ್ನು ನೋಡಿಕೊಳ್ಳಲಾಗಲಿಲ್ಲ. ಹಿಂಡಿ ಅಂಗಡಿಯವನು ಕೇಳಿದರೆ ಕೊಡಲಿಲ್ಲ, ಅವನು ಕಡಿಯುತ್ತಾನೆಂದು. ಹಗ್ಗ ಹಿಡಿದು ನೇರ ಇವನ ಬಾಗಿಲಿಗೆ ಬಂದಳು.

"ನೀವು ಹಿಂದೂಗಳು ಮಾಂಸ ಮುಟ್ಟಲ್ಲವಲ್ಲ, ಹ್ಯಾಂಕ್. ಇವನನ್ನ ನೋಡ್ಕೋತೀಯಲ್ಲ?"

ಹನುಮಂತರಾಜು ತಲೆ ಆಡಿಸಿದ. ನಾವು ಆಡಿಸುತ್ತೇವಲ್ಲ, ಹಾಗೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಅಜ್ಜಿಗೆ ಅದು ಹೌದಾಗಿ ಕಂಡಿತು. ಕಣ್ಣೊರೆಸಿಕೊಂಡು ಹಗ್ಗ ಕೊಟ್ಟು ಹೋದಳು.

ಅದಾಗಿ ಮೂರು ವಾರಕ್ಕೆ ಯುಗಾದಿ. ಮಾರನೆಯ ದಿನದ ಹೊಸತೊಡಕಿಗೆ ನಮ್ಮ ಕಡೆ ನಾಲ್ಕು ಮನೆಯವರು ಸೇರಿ ಮರಿ ಕಡಿದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಎರಡು ಸಾವಿರದ ಇಸವಿಯಲ್ಲಿ ಅದು ಗುರುವಾರ ಬಂತು. ಪಂಚಾಂಗಕ್ಕಿಂತ ಆಫೀಸಿನ ರಿಲೀಸ್ ಡೇಟು ದೊಡ್ಡದಾದ್ದರಿಂದ ಶನಿವಾರಕ್ಕೆ ತಳ್ಳಿದೆವು. ಹೇಳಿಟ್ಟಿದ್ದ ಮರಿಯವನು ಕೈಕೊಟ್ಟ. ಬೆಳಿಗ್ಗೆ ಒಂಬತ್ತಕ್ಕೆ ನಾನೂ ಶಿವಪ್ರಕಾಶನೂ ಖಾಲಿ ಪಾತ್ರೆ ಹಿಡಿದು ಹನುಮಂತರಾಜುವಿನ ಹಿತ್ತಲಿಗೆ ಬಂದರೆ, ಅಲ್ಲಿ ಸೆನೆಟರ್ ಮೆಲುಕು ಹಾಕುತ್ತ ನಿಂತಿದ್ದ.

"ಮರಿ ಇಲ್ಲ ಅಂತ ಅಳ್ತಾ ಕೂತಿದೀಯ," ಎಂದ ಶಿವಪ್ರಕಾಶ ಹನುಮಂತರಾಜುವಿಗೆ. "ಮರಿಗೆ ತಾತ ನಿಂತವ್ನೆ ಇಲ್ಲಿ."

"ಬ್ಯಾಡ ಕಣೋ. ಅಜ್ಜಿಗೆ ಮಾತು ಕೊಟ್ಟಿವ್ನಿ."

"ಏನಂತ ಕೊಟ್ಟೆ?"

"ಮಾತು ಅಂದ್ರೆ... ತಲೆ ಆಡ್ಸ್ದೆ."

"ತಲೆ ಆಡ್ಸೋದೆಲ್ಲ ಮಾತಾದ್ರೆ ನಮ್ ಮ್ಯಾನೇಜರ್‌ಗೆ ನಾನು ಕಿಡ್ನಿನೇ ಕೊಡ್ಬೇಕಿತ್ತು. ಅಜ್ಜಿ ಎಲ್ಲವ್ಳೆ ಈಗ?"

"ಫೈರ್ ಸ್ಟೇಷನ್ನಲ್ಲಿ ಚಂದಾ ಎತ್ತಕ್ಕೆ ಊರೋರ್ಗೆಲ್ಲ ಪ್ಯಾನ್‌ಕೇಕ್ ಹುಯ್ತಾವ್ಳೆ. ಮಧ್ಯಾಹ್ನದ ಗಂಟ ಬರಲ್ಲ."

ಅಷ್ಟು ಹೇಳಿದ ಮೇಲೆ ಹನುಮಂತರಾಜು ಮತ್ತೆ ತಲೆ ಆಡಿಸಿದ. ಅಜ್ಜಿ ಕೇಳಿದರೆ ಟಗರು ಓಡಿಹೋಯಿತು ಅಂದರಾಯಿತು ಎಂದುಕೊಂಡೆವು. ನಾನೂ ಬೇಡ ಎನ್ನಲಿಲ್ಲ. ಮೂರು ವರ್ಷದಿಂದ ಗುಡ್ಡೆ ಬಾಡು ತಿಂದಿರಲಿಲ್ಲ.

ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದ ಹನುಮಂತರಾಜುವಿನ ತಾಯಿ ಗೌರಮ್ಮ ಹೊರಗೆ ಬಂದು ಟಗರಿನ ಹಲ್ಲು ನೋಡಿದರು. "ಮುದಿಯ. ಬೇಯಕ್ಕಿಲ್ಲ ಕಣ್ರಪ್ಪ. ಆದ್ರೂ ಕುಯ್ಯದಾದ್ರೆ ಮೊದ್ಲು ಅದ್ನೇ ಕೇಳಿ." ಚೊಂಬಿನ ನೀರನ್ನು ಅದರ ನೆತ್ತಿಗೆ, ಬೆನ್ನಿಗೆ ಚಿಮುಕಿಸಿದರು. ಮೈ ಒದರಿದರೆ ಒಪ್ಪಿಗೆ, ಒದರದಿದ್ದರೆ ಬಿಡಬೇಕು. ಸೆನೆಟರ್ ನೀರಿಳಿಸಿಕೊಂಡು ಸುಮ್ಮನೆ ನಿಂತ. ಎರಡನೆಯ ಚೊಂಬು. ಮೂರನೆಯದು. ಒದರಲಿಲ್ಲ.

"ಬುಟ್ಬುಡಿ," ಎಂದರು ಗೌರಮ್ಮ.

ಶಿವಪ್ರಕಾಶ ತೋಟದ ಪೈಪು ಎಳೆದು ಅದರ ಕಿವಿಯೊಳಗೇ ನೀರು ಬಿಟ್ಟ. ಟಗರು ತಲೆಯಿಂದ ಬಾಲದವರೆಗೆ ಪಟಪಟನೆ ಒದರಿತು. "ನೋಡಿ, ಓಟು ಹಾಕ್ದ ಸೆನೆಟರ್ರು!"

"ಕಿವಿಗೆ ನೀರು ಬುಟ್ರೆ ನೀನೂ ಒದರ್ತೀಯ. ಅದು ಒಪ್ಗೆ ಅಲ್ಲ ಕಣೋ, ಹಿಂಸೆ," ಎಂದು ಅವರು ಒಳಗೆ ಹೋದರು.

ಹನುಮಂತರಾಜು ಕೊರಳ ಹಗ್ಗ ಮುಂದಕ್ಕೆಳೆದ. ನಾನು ಹಿಂಗಾಲು ಹಿಡಿದೆ. ಪೊದೆ ಸವರಲು ತಂದಿದ್ದ ಮಚ್ಚನ್ನು ಶಿವಪ್ರಕಾಶ ಎರಡೂ ಕೈಯಲ್ಲಿ ಎತ್ತಿದ. ತಾತನ ಕಾಲದಿಂದ ಒಂದೇ ಏಟಿಗೆ ಕಡಿಯುವ ವಂಶ ತಮ್ಮದೆಂದು ದಾರಿಯುದ್ದಕ್ಕೂ ಹೇಳಿದ್ದ. ಏಟು ಕೊಂಬಿಗೆ ಬಿತ್ತು. ಜಾರಿದ ಮಚ್ಚು ಕತ್ತಿನ ಪಕ್ಕವನ್ನು ಸೀಳಿಕೊಂಡು ಇಳಿಯಿತು. ರಕ್ತ ಪಿಚಕಾರಿಯಂತೆ ನನ್ನ ಬಾಯಿಗೆ, ಕಣ್ಣಿಗೆ ಹಾರಿತು. ಬಿಸಿಯಾಗಿತ್ತು. ನಾನು ಕಾಲು ಬಿಟ್ಟೆ.

ಬಿಡಬಾರದಿತ್ತು. ಟಗರು ಒಂದು ಹೆಜ್ಜೆ ಹಿಂದೆ ಸರಿದು ಶಿವಪ್ರಕಾಶನ ಮೊಣಕಾಲ ಕೆಳಗೆ ಗುಮ್ಮಿತು. ಆ ಸದ್ದು. ಅವನು ಬಿದ್ದ ಮೇಲೂ ಬಿಡದೆ ಎದೆಗೊಂದು, ದವಡೆಗೊಂದು. ಹಲ್ಲೊಂದು ಹುಲ್ಲಿನ ಮೇಲೆ ಬಿತ್ತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಹನುಮಂತರಾಜುವನ್ನು ಅದು ಎಳೆದೊಯ್ದು ಬೇಲಿಯ ಕಂಬಕ್ಕೆ ಜಜ್ಜಿತು. ಪಕ್ಕೆಲುಬು ಹಿಡಿದು ಅವನು ಕುಸಿದ. ಹಗ್ಗ ಬಿಚ್ಚಿಕೊಂಡಿತು. ಗೇಟು ಮುರಿದು ಟಗರು ಬೀದಿಗಿಳಿಯಿತು.

ಕಿಟಕಿಯಿಂದ ನೋಡುತ್ತಿದ್ದ ಹನುಮಂತರಾಜುವಿನ ಮಗಳು ಲಾಸ್ಯಾ ಆಗಲೇ ಫೋನಿನಲ್ಲಿ ಕಿರುಚುತ್ತಿದ್ದಳು, ಆಂಬ್ಯುಲೆನ್ಸಿಗೆ. ಹನುಮಂತರಾಜು ಎದ್ದ. ನೆಲದಲ್ಲಿದ್ದ ಮಚ್ಚು ಎತ್ತಿಕೊಂಡು ಟಗರಿನ ಹಿಂದೆ ಓಡಿದ. ಅರ್ಧ ಕಡಿದದ್ದನ್ನು ಹಾಗೆ ಬಿಡಬಾರದೆಂದು ಓಡಿದೆ ಅಂತ ಆಮೇಲೆ ಹೇಳಿದ. ಅವನ ಪಂಚೆಯೆಲ್ಲ ರಕ್ತ. ನಾನೂ ಓಡಿದೆ.

ಮೇನ್ ಸ್ಟ್ರೀಟಿನಲ್ಲಿ ಟಗರು ಹೋದ ದಾರಿ ಕೆಂಪಗೆ ಕಾಣುತ್ತಿತ್ತು. ಅದು ಎಲ್ಲೂ ತಿರುಗಲಿಲ್ಲ. ತನ್ನನ್ನು ಸಾಕಿದವಳ ವಾಸನೆ ಹಿಡಿದೋ ದನಿ ಕೇಳಿಯೋ, ನೇರ ಫೈರ್ ಸ್ಟೇಷನ್ನಿನ ಮುಂದೆ ಹಾಕಿದ್ದ ಮೇಜುಗಳ ನಡುವೆ ನುಗ್ಗಿತು. ತಟ್ಟೆಗಳು ಹಾರಿದವು. ಡೋರಿಸಜ್ಜಿ ಸೌಟು ಹಿಡಿದು ನಿಂತಿದ್ದಳು. ಅವಳ ಕಾಲ ಬುಡದಲ್ಲಿ ಟಗರು ಮಂಡಿಯೂರಿ ಅವಳನ್ನು ಕರೆಯಲು ನೋಡಿತು. ಗಂಟಲು ತೆರೆದುಹೋಗಿತ್ತು. ಕರೆದದ್ದು ಬಾಯಿಂದ ಬರದೆ ಗಾಯದಿಂದ ಬಂತು. ನಾನು ಮಾಡಿ ತೋರಿಸದ ಸದ್ದು ಅದು.

ಆಮೇಲೆ ಮಚ್ಚು ಹಿಡಿದ ಹನುಮಂತರಾಜು ಬಂದ. ದಳದ ಮುಖ್ಯಸ್ಥ ಬಡ್, ಬಡಗಿ, ಆರೂಕಾಲು ಅಡಿ ಆಳು. ಹೆಸರಿಗೆ ತಕ್ಕಂತೆ ಬಡಿದ. ಮೊದಲ ಗುದ್ದಿಗೆ ಮೂಗು ಒಡೆಯಿತು. ಮಚ್ಚು ಬಿತ್ತು. ಬಿದ್ದವನ ಪಕ್ಕೆಗೆ ಬೂಟುಗಾಲಿನ ಒದೆ. ಮೂರು ಜನ, ಐದು ಜನ. ಶನಿವಾರಗಳಲ್ಲಿ ಅವನ ಜೊತೆ ಲಾರಿ ತೊಳೆದವರೇ. ಬಿಡಿಸಲು ಹೋದ ನನ್ನ ಕಿವಿಯ ಮೇಲೆ ಯಾರದೋ ಕೈ ಬಿದ್ದು ಲೋಕವೆಲ್ಲ ಗುಂಯ್ ಎಂದಿತು.

"ಸಾಕು," ಎಂದಳು ಡೋರಿಸಜ್ಜಿ. ನಿಲ್ಲಿಸಿದರು. "ಹ್ಯಾಂಕ್. ನೀನು ಹೌದು ಅಂದಿದ್ದೆ."

ಅವನು ರಕ್ತ ಉಗುಳಿದ.

ಗೌರಮ್ಮ ಆಗ ಬಂದರು, ಮೊಮ್ಮಗಳ ಕೈ ಹಿಡಿದು, ಬರಿಗಾಲಲ್ಲಿ. ಮಗನ ಕಡೆ ನೋಡಲಿಲ್ಲ. ಮಚ್ಚು ಎತ್ತಿಕೊಂಡರು. ಯಾರೂ ತಡೆಯಲಿಲ್ಲ, ಅವರ ನಡಿಗೆ ಹಾಗಿತ್ತು. ಟಗರಿನ ಪಕ್ಕ ಕೂತು ಅದರ ತಲೆಯನ್ನು ತೊಡೆಗೆ ತಂದುಕೊಂಡು ಡೋರಿಸಜ್ಜಿಯ ಮುಖ ನೋಡಿದರು.

"ತಾಯಿ, ಇದರ ಒಪ್ಗೆ ಕೇಳೋ ಮೊಕ ನಮ್ಗಿಲ್ಲ. ನಿನ್ನ ಕೇಳ್ತೀನಿ. ನರಳ್ತಾ ಐತೆ. ಅಪ್ಪಣೆ ಕೊಡು."

ಲಾಸ್ಯಾ ಅಳುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ಡೋರಿಸಜ್ಜಿ ಸೌಟು ಕೆಳಗಿಟ್ಟಳು. ಆಮೇಲೆ ಬಗ್ಗಿ, ಆ ಮಂಡಿಯಲ್ಲಿ ಬಗ್ಗಿ, ಟಗರಿನ ಎರಡೂ ಕೊಂಬು ಹಿಡಿದುಕೊಂಡು "ಯೆಸ್" ಎಂದಳು. ಗೌರಮ್ಮ ಒಂದೇ ಎಳೆತಕ್ಕೆ ಮುಗಿಸಿದರು.

ಲಾಸ್ಯಾ ಮಾಡಿದ ಫೋನು ತಿರುಗಿ ದಳಕ್ಕೇ ಬಂದಿತ್ತು. ಬಡ್ ಕೈ ತೊಳೆದುಕೊಂಡು ಸೈರನ್ನು ಹೊಡೆದ. ಈಗಷ್ಟೆ ಒದ್ದ ಅದೇ ಜನ ಲಾರಿ ಹತ್ತಿ ಹನುಮಂತರಾಜುವಿನ ಹಿತ್ತಲಿಗೆ ಹೋದರು. ಶಿವಪ್ರಕಾಶನ ಕಾಲಿಗೆ ಹಲಗೆ ಕಟ್ಟಿ, ಮಗುವನ್ನೆತ್ತುವಂತೆ ಎತ್ತಿ ಆಸ್ಪತ್ರೆಗೆ ಕಳಿಸಿದರು.

ಸೋಮವಾರ ನಾನೇ ಹನುಮಂತರಾಜುವನ್ನು ದಳದ ಸಭೆಗೆ ಕರೆದೊಯ್ದೆ. ನಾನು ಬೇಡವೆಂದರೂ ಅವನು ಕೇಳಲಿಲ್ಲ. ಎದೆಗೆ ಪಟ್ಟಿ, ಮೂಗಿಗೆ ಪಟ್ಟಿ. ಡೋರಿಸಜ್ಜಿ ಹಿಂದಿನ ಬೆಂಚಿನಲ್ಲಿದ್ದಳು.

"ಟಗರನ್ನು ನೋಡಿಕೊಳ್ಳುತ್ತೇನೆ ಎಂದಿದ್ದೆಯಾ?" ಎಂದು ಬಡ್ ಕೇಳಿದ.

ಹನುಮಂತರಾಜುವಿನ ಕತ್ತು ಅಭ್ಯಾಸಬಲದಿಂದ ಓಲಾಡಲು ಹೊರಟಿತು. ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡವನಂತೆ ನಿಂತ. "ಯೆಸ್. ಹೇಳಿದ್ದೆ. ಅವರು ಏನೆಂದುಕೊಂಡರು ಅಂತಲೂ ಗೊತ್ತಿತ್ತು. ಕಡಿದು, ಓಡಿಹೋಯಿತು ಎನ್ನುವವನಿದ್ದೆ."

ಇವನನ್ನು ಸೇರಿಸಿಕೊಳ್ಳುವವರು ಕೈ ಎತ್ತಿ ಎಂದಾಗ ಇಪ್ಪತ್ತೆರಡರಲ್ಲಿ ಒಂದೂ ಏಳಲಿಲ್ಲ. ಡೋರಿಸಜ್ಜಿಗೆ ಓಟಿರಲಿಲ್ಲ. ಇದ್ದಿದ್ದರೂ ಎತ್ತುತ್ತಿರಲಿಲ್ಲ ಎನ್ನುತ್ತಾನೆ ಹನುಮಂತರಾಜು.

ಮನೆ ಮಾರಿ ಬಾ ಎಂದು ಎಲ್ಲರೂ ಹೇಳಿದೆವು. ಬರಲಿಲ್ಲ. ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲಿ ಊಟಕ್ಕೆ ಕೂತಿದ್ದೆ. ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದು ಸೈರನ್ನು ಕೂಗಿತು. ಹನುಮಂತರಾಜು ತುತ್ತು ಬಿಟ್ಟು ಎದ್ದ. ಬಾಗಿಲಿಗೆ ಹೋಗಿ ಬೂಟಿಗೆ ಕಾಲು ತೂರಿಸಿದ, ಒಂದು, ಇನ್ನೊಂದು. ಲಾರಿ ಗಂಟೆ ಬಾರಿಸುತ್ತ ಮನೆಯ ಮುಂದೆಯೇ ಹೋಯಿತು, ನಿಧಾನಿಸಲಿಲ್ಲ.

"ಅಪ್ಪಾ," ಎಂದಳು ಲಾಸ್ಯಾ. "ಸಿಟ್ ಡೌನ್."

ಅವನು ಬೂಟು ಬಿಚ್ಚದೆ ಬಂದು ಕೂತು ಮುದ್ದೆ ಮುರಿದ.