ಮಾವನ ಹೆಸರು

ನಟ್ಟು ಬಿಚ್ಚುವ ಮೊದಲೇ ತೊಕ್ತೊರ್ಬಾಯ್ ಟಯರಿನ ಗಾಳಿ ಪೂರ್ತಿ ಬಿಟ್ಟಿದ್ದ. ಖಾಲಿ ಟ್ರೇಲರಿನ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯನ್ನು ನಂಬದೆ ಅಚ್ಚಿನ ಕೆಳಗೆ ಮರದ ದಿಮ್ಮಿ ತುರುಕಿದ್ದ. ಪಂಕ್ಚರಾದ ಟ್ಯೂಬಿಗೆ ತೇಪೆ ಹಾಕಿಯೂ ಆಯಿತು. ಚಕ್ರವನ್ನು ಅಂಗಳದಲ್ಲಿ ಮಲಗಿಸಿ, ಟಯರನ್ನು ಹಿಡಿದಿಡುವ ಕಬ್ಬಿಣದ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ. ಉಳಿದದ್ದು ಸರಪಳಿ ಸುತ್ತುವುದು. ಗಾಳಿ ತುಂಬುವಾಗ ರಿಂಗು ಸಿಡಿದರೆ ಸರಪಳಿ ತಡೆಯುತ್ತದೆ.

ಸರಪಳಿ ಮನೆಯಲ್ಲಿ ಇರಲಿಲ್ಲ. ಕೆಸರಲ್ಲಿ ಹೂತ ಲಾರಿ ಎಳೆಯಲು ಪಕ್ಕದ ಮನೆಯವನು ಒಯ್ದವನು ತಂದುಕೊಟ್ಟಿರಲಿಲ್ಲ.

ಅವನ ವಂಶವನ್ನೆಲ್ಲ ಬೈದು ಮುಗಿಸಿದ ತೊಕ್ತೊರ್ಬಾಯ್ ಆಕಾಶ ನೋಡಿದ. ಬೆಟ್ಟದ ನೆತ್ತಿ ಬೆಳ್ಳಗಾಗಿತ್ತು. ಹೊಲದಲ್ಲಿ ಕಿತ್ತು ರಾಶಿ ಹಾಕಿದ ಸಕ್ಕರೆ ಬೀಟಿಗೆ ಹಿಮ ಹೊಡೆದರೆ ಕಾರ್ಖಾನೆಯವರು ಮುಟ್ಟುವುದಿಲ್ಲ. ಮಗ ಟ್ರೇಲರಿಗಾಗಿ ರಾಶಿಯ ಹತ್ತಿರ ಕಾಯುತ್ತಿದ್ದ. ತೊಕ್ತೊರ್ಬಾಯ್ ಕಂಪ್ರೆಸರ್ ಚಾಲೂ ಮಾಡಿ, ಪೈಪನ್ನು ವಾಲ್ವಿಗೆ ಸಿಕ್ಕಿಸಿ, ಟಯರಿನ ಮೇಲೆ ಒಂದು ಕಾಲಿಟ್ಟು ಬಗ್ಗಿ ನಿಂತ.

ಸೊಸೆ ಜಿಪಾರ್ ಚಹಾದ ಕೆಟಲು ಹಿಡಿದು ಮೆಟ್ಟಿಲು ಇಳಿದದ್ದು ಆಗ. ಅವಳ ಕಣ್ಣು ಮೊದಲು ಹೋದದ್ದು ರಿಂಗಿನ ಮೇಲೆ. ಒಂದು ಕಡೆ ಅದು ಚಕ್ರದ ತೋಡಿನಲ್ಲಿ ಕೂತಿರಲಿಲ್ಲ. ಕೂದಲೆಳೆಯಷ್ಟಿದ್ದ ಸಂದು ಅವಳು ನೋಡುತ್ತಿದ್ದಂತೆ ಬೆರಳಗಲವಾಯಿತು. ಅದರ ನೇರಕ್ಕೆ ಮಾವನ ಮುಖವಿತ್ತು.

"ಸ್ವಲ್ಪ ಇರಿ, ಮಾವ."

ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೆಸರಿನೊಳಗಿರುವ ಮಾತನ್ನೂ ಆಡುವಂತಿಲ್ಲ. ಅವರ ಭಾಷೆಯಲ್ಲಿ ತೊಕ್ತೊ ಎಂದರೆ ನಿಲ್ಲು. ಮೊದಲು ಹುಟ್ಟಿದ ಮಕ್ಕಳೆಲ್ಲ ಹೋದ ಮೇಲೆ, ಇವನಾದರೂ ನಿಲ್ಲಲಿ ಎಂದು ಅವನ ತಾಯಿ ಇಟ್ಟ ಹೆಸರು ಅದು. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಜಿಪಾರ್ ಯಾರಿಗೂ ನಿಲ್ಲು ಅಂದವಳಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹಸುವಿಗೆ "ಇರೇ" ಅನ್ನುತ್ತಿದ್ದಳು. ಗಂಡ ಟ್ರ್ಯಾಕ್ಟರನ್ನು ಹಿಂದಕ್ಕೆ ತರುವಾಗ ತಗಡು ಬಡಿಯುತ್ತಿದ್ದಳು. ಅತ್ತೆ ಕಲಿಪಾ ಈ ವಿಷಯವನ್ನು ಊರಿನ ಹೆಂಗಸರ ಮುಂದೆ ಹೊಗಳಿಕೊಳ್ಳುತ್ತಿದ್ದಳು.

ತೊಕ್ತೊರ್ಬಾಯ್ ತಲೆ ಎತ್ತಲಿಲ್ಲ. ಸೊಸೆ "ಇರಿ" ಅಂದರೆ ಚಹಾ ತಂದಿದ್ದಾಳೆ ಎಂದೇ ಅರ್ಥ. "ಆಮೇಲೆ ಕುಡೀತೀನಿ" ಅಂದು ಕೈ ಬೀಸಿದ.

ಸಂದು ಇನ್ನೂ ಅಗಲವಾಯಿತು. ಕಂಪ್ರೆಸರಿನ ಸದ್ದನ್ನು ಮೀರಿ ಜಿಪಾರ್ ಕೂಗಿದಳು.

"ತೊಕ್ತೊ!"

ಅವನು ನೆಟ್ಟಗಾದ. ಸಿಟ್ಟಿಗೆ ಅವನ ಕುತ್ತಿಗೆ ಕೆಂಪಾಯಿತು. ಚಕ್ರದ ಮೇಲಿಂದ ಕಾಲು ತೆಗೆದು, ಪೈಪನ್ನು ಅಲ್ಲೇ ಬಿಟ್ಟು ಅವಳ ಕಡೆ ದಾಪುಗಾಲು ಹಾಕಿದ. "ಏನಂದೆ? ಯಾರನ್ನ ಅಂದೆ ನೀನು?"

ಬೆನ್ನ ಹಿಂದೆ ಗುಂಡು ಹಾರಿದಂಥ ಸದ್ದಾಯಿತು. ರಿಂಗು ಹಾರಿ ಕೊಟ್ಟಿಗೆಯ ತಗಡನ್ನು ಸೀಳಿಕೊಂಡು ಒಳಗೆ ಬಿತ್ತು. ಕೋಳಿಗಳೆಲ್ಲ ಬೇಲಿ ಹಾರಿದವು. ಕೆಟಲು ಜಿಪಾರ್‌ಳ ಕೈಯಿಂದ ಜಾರಿ ಚಹಾ ನೆಲಕ್ಕೆ ಚೆಲ್ಲಿತು. ತೊಕ್ತೊರ್ಬಾಯ್ ಹಿಂತಿರುಗಿ ನೋಡಿದ, ಚಕ್ರವನ್ನೂ ತಗಡಿನ ತೂತನ್ನೂ. ಆಮೇಲೆ ಹೋಗಿ ಕಂಪ್ರೆಸರ್ ಆರಿಸಿದ.

ಕಲಿಪಾ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ತಗಡಿನ ಮಾತೇ ಅವಳು ಎತ್ತಲಿಲ್ಲ. "ಆ ಹೆಸರು ಕೂಗಿದ್ದು ಯಾರು?" ಅಂದಳು, ಸೊಸೆಯ ಮುಖ ನೋಡುತ್ತಲೇ.

ಜಿಪಾರ್ ತಲೆ ತಗ್ಗಿಸಿದಳು.

"ನಾನೇ ಕಣೇ" ಅಂದ ತೊಕ್ತೊರ್ಬಾಯ್. "ನನ್ನನ್ನ ನಾನೇ ಕರ್ಕೊಂಡೆ. ಒಳಗೆ ಹೋಗು, ರೊಟ್ಟಿ ಸೀದೀತು."

"ನಿಂಗೆ ಹೆಣ್ಣಿನ ದನಿ ಯಾವಾಗ ಬಂತು?" ಅಂದಳು ಕಲಿಪಾ. ಅವಳು ಒಳಗೆ ಹೋದಳು.

ಅವನೇ ಹೋಗಿ ಪಕ್ಕದ ಮನೆಯವನ ಜೊತೆ ಜಗಳ ಆಡಿ ಸರಪಳಿ ತಂದ. ಹಳೇ ಟ್ರೇಲರಿನಿಂದ ಬೇರೆ ರಿಂಗು ಕಿತ್ತು, ಅದರ ತುಕ್ಕು ಕೆರೆದ, ಚಕ್ರದ ತೋಡನ್ನೂ ಕೆರೆದ. ರಿಂಗು ಕೂರಿಸಿ ಸುತ್ತಲೂ ಬೆರಳಾಡಿಸಿ ನೋಡಿದ. ಸರಪಳಿಯನ್ನು ಚಕ್ರದ ಒಳಗಿಂದ ತೂರಿಸಿ ಬಿಗಿದ. ಪೈಪಿಗೆ ಇನ್ನೊಂದು ತುಂಡು ಜೋಡಿಸಿ, ಗಾಳಿ ಬಿಡುವ ನಲ್ಲಿ ಹಿಡಿದು ದೂರದಲ್ಲಿ ಟ್ರ್ಯಾಕ್ಟರಿನ ದೊಡ್ಡ ಚಕ್ರದ ಮರೆಗೆ ನಿಂತ. ಜಿಪಾರ್‌ಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ನನ್ನ ಕಣ್ಣು ಮಂಜು, ರಿಂಗಿನ ಮೇಲೆ ನೀನು ಕಣ್ಣಿಟ್ಟಿರು, ಏಳುತ್ತಿದೆ ಅನ್ನಿಸಿದರೆ ಹೇಳು ಅಂದ.

"ಇರಿ ಅಂತೀನಿ, ಮಾವ."

"ಇರಿ ಅಂದ್ರೆ ನಂಗೆ ಚಹಾ ಅಂತ ಕೇಳಿಸುತ್ತೆ."

ಜಿಪಾರ್ ಅಡುಗೆಮನೆಯ ಕಡೆ ನೋಡಿದಳು. ತೆರೆದ ಕಿಟಕಿಯ ಆಚೆ ಕಲಿಪಾ ಹಿಟ್ಟು ನಾದುತ್ತಿದ್ದಳು. ಅಂಗಳದ ಮಾತೆಲ್ಲ ಅವಳಿಗೆ ಕೇಳುವಷ್ಟು ಹತ್ತಿರ. ತೊಕ್ತೊರ್ಬಾಯ್‌ನ ಕೈ ನಲ್ಲಿಯ ಮೇಲೇ ಇತ್ತು, ಅವನು ತಿರುಗಿಸಲಿಲ್ಲ.

ಕಲಿಪಾಳ ಕೈ ನಿಂತಿತು. ಅವಳು ಇಬ್ಬರನ್ನೂ ನೋಡಿದಳು, ಕೊಟ್ಟಿಗೆಯ ತಗಡನ್ನು ನೋಡಿದಳು. ಆಮೇಲೆ ಮುಂದಕ್ಕೆ ಬಗ್ಗಿ ಕಿಟಕಿ ಎಳೆದು ಮುಚ್ಚಿಕೊಂಡಳು. ಗಾಜಿನ ಮೇಲೆ ಹಿಟ್ಟಿನ ಐದು ಬೆರಳು ಉಳಿದವು.