ಐವತ್ತೈದು ಕಿಲೋದೊಳಗಿನ ಆಟ

ನಾನು ಒಂದು ಅಲ್ಯೂಮಿನಿಯಂ ಡಬ್ಬಿ. ಬಿಲ್ಲೆಯಂಥ ತಗಡನ್ನು ಯಂತ್ರವೊಂದು ಒತ್ತಿ, ಎಳೆದು ನನಗೆ ಮೈ ಕೊಟ್ಟಿತು. ಮೈಗೆ ನೀಲಿ ಬಣ್ಣ ಬಂತು, ಅದರ ಮೇಲೆ ಹಳದಿ ಸುಳಿಗಾಳಿಯ ಚಿತ್ರ ಬಂತು. ಆಮೇಲೆ ಎನರ್ಜಿ ಡ್ರಿಂಕ್ ತುಂಬಿದರು. ಆರು ಚಮಚೆಗೂ ಮಿಕ್ಕಿ ಸಕ್ಕರೆ, ಒಂದು ಲೋಟ ಗಟ್ಟಿ ಕಾಫಿಯಲ್ಲಿರುವಷ್ಟು ಕೆಫೀನ್, ಟಾರಿನ್, ವಿಟಮಿನ್‌ಗಳು, ಹುಳಿ, ಬಣ್ಣ, ಗ್ಯಾಸು. ಮುಚ್ಚಳ ಬಿತ್ತು. ಆ ಕ್ಷಣದಿಂದ ಒಳಗಿದ್ದದ್ದು ನನ್ನನ್ನು ಹೊರಕ್ಕೆ ಒತ್ತತೊಡಗಿತು. ನಾನು ಬಿಗಿಹಿಡಿದು ನಿಂತೆ. ಬಿಡುವುದು ನನ್ನ ಕೈಯಲ್ಲಿರಲಿಲ್ಲ.

ನನ್ನ ಬೆನ್ನಿಗೆ, ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ದಿನಕ್ಕೆ ಎರಡಕ್ಕಿಂತ ಹೆಚ್ಚು ಕುಡಿಯಬಾರದೆಂದು ಬರೆದಿತ್ತು. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ, ಕೆಫೀನ್ ಒಗ್ಗದವರಿಗೆ ಬೇಡವೆಂದೂ ಇತ್ತು.

ನರಗುಂದದ ಕಡೆಯ ಒಂದು ಊರಿನ ಬೀಡಾ ಅಂಗಡಿಯ ಫ್ರಿಜ್ಜಿನಲ್ಲಿ, ಹಾಲಿನ ಪ್ಯಾಕೆಟ್ಟುಗಳ ಪಕ್ಕ ಹನ್ನೊಂದು ದಿನ ನಿಂತೆ. ಬಾಗಿಲು ತೆರೆದರೆ ಬೆಳಕು, ಮುಚ್ಚಿದರೆ ಕತ್ತಲೆ. ಹನ್ನೆರಡನೆಯ ದಿನ ಊರಿನ ಕಬಡ್ಡಿ ತಂಡದ ನಾಯಕ ಫಕೀರಪ್ಪ ನನ್ನನ್ನೂ ನನ್ನ ಜೊತೆಯವರನ್ನೂ ಚೀಲಕ್ಕೆ ಹಾಕಿಕೊಂಡ.

ಶಾಲೆಯ ಬಯಲಿನಲ್ಲಿ ಪಂದ್ಯ. ಐವತ್ತೈದು ಕಿಲೋದೊಳಗಿನವರಿಗೆ ಮಾತ್ರ. ಈ ಕಡೆ ಹೀಗೆ ತೂಕ ಕಟ್ಟಿ ಕಬಡ್ಡಿ ಆಡಿಸುತ್ತಾರೆ. ಸಣ್ಣ ಮೈಯವರಿಗೂ ಗೆಲ್ಲುವ ದಾರಿ ಇರಲೆಂದು ಮಾಡಿದ ನಿಯಮ. ಆದರೆ ದೊಡ್ಡ ಮೈಯವರು ಸಣ್ಣಗಾಗಿ ಬರುತ್ತಾರೆ. ಫಕೀರಪ್ಪನ ತಂಡದ ಆಟಗಾರ ಯಮನೂರ ಹಾಗೆ ಬಂದಿದ್ದ. ಅವನು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಜೋಳ ತೂಗುವ ಕಾಟಾದ ಮೇಲೆ ತಾನೇ ನಿಂತು ದಿನಾ ನೋಡಿಕೊಳ್ಳುತ್ತಿದ್ದ. ಒಂದು ವಾರದಲ್ಲಿ ನಾಲ್ಕು ಕಿಲೋ ಇಳಿಸಿದ. ಹಿಂದಿನ ದಿನದಿಂದ ನೀರೂ ಬಿಟ್ಟ. ಬೆಳಿಗ್ಗೆ ಮಳೆಕೋಟು ತೊಟ್ಟು ಬಿಸಿಲಲ್ಲಿ ಓಡಿ, ಬಾಯಲ್ಲಿದ್ದ ಎಂಜಲನ್ನೂ ಉಗುಳಿ, ಪಂದ್ಯದ ಕಾಟಾ ಹತ್ತಿದ.

“ಐವತ್ನಾಕು ಒಂಬೈನೂರು. ಪಾಸ್,” ಎಂದರು ತೂಗುವವರು. “ನೂರ ಗ್ರಾಂ ಉಳಸೀಯಲ್ಲೊ, ಮೀಸಿ ತಗಸಿದ್ಯೇನ?”

ಎಲ್ಲರೂ ನಕ್ಕರು. ಯಮನೂರನೂ ನಗಲು ನೋಡಿದ. ತುಟಿ ಹಲ್ಲಿಗೆ ಅಂಟಿತ್ತು.

ಕಾಟಾ ಇಳಿದ ಕೂಡಲೇ ಫಕೀರಪ್ಪ ಅವನಿಗೆ ಎರಡು ಡಬ್ಬಿ ಕುಡಿಸಿದ. ಮೂರನೆಯದು ನಾನು. ಯಮನೂರನ ಹೆಂಡತಿ ಸಾವಕ್ಕ ಉಪ್ಪು ಹಾಕಿದ ಮಜ್ಜಿಗೆ ತಂದು ನಿಂತಿದ್ದಳು. ಅವರ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು.

“ಮದ್ಲ ಇದನ್ನ ಕುಡೀರಿ. ಕೈ ನಡುಗಾಕತ್ತಾವ ನಿಮ್ಮವು.”

“ಮಜ್ಜಿಗಿ ಕುಡದ್ರ ಕಣ್ಣ ಎಳೀತಾವ ತಂಗಿ,” ಎಂದ ಫಕೀರಪ್ಪ. “ನಡಗೂದಲ್ಲ ಅದು, ಕರೆಂಟ್ ಹರಿಯಾಕತ್ತೇತಿ. ಆಟ ಮುಗೀಲಿ, ಕೊಡಗಟ್ಲೆ ಕುಡಸು.”

“ಎದಿ ಡಬಡಬ ಅನ್ನಾಕತ್ತೇತಿ ಫಕೀರಣ್ಣ,” ಎಂದ ಯಮನೂರ.

“ಅನ್ಬೇಕು. ಸುಮ್ಮನಿದ್ರ ಚಿಂತಿ ಮಾಡ್ಬೇಕು.”

ನನ್ನ ಮುಚ್ಚಳದ ಕೊಂಡಿ ಎಳೆದರು. ಅಷ್ಟು ದಿನ ಒತ್ತುತ್ತಿದ್ದದ್ದು ಬುಸ್ಸೆಂದು ಹೊರಬಂತು. ನನಗೆ ಹಗುರಾಗಬೇಕಿತ್ತು. ಆದರೆ ಅದು ಈಗ ಅವನೊಳಗೆ ಸಿಕ್ಕಿಕೊಂಡಿತು, ಅಲ್ಲಿ ಎಳೆಯಲು ಕೊಂಡಿ ಇರಲಿಲ್ಲ.

ನನ್ನನ್ನು ಗೆರೆಯ ಪಕ್ಕ ಇಟ್ಟರು. ಯಮನೂರ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಿನವರ ಅಂಗಳಕ್ಕೆ ಎರಡು ಸಲ ಹೋಗಿ ಬಂದ. ಮೂರನೆಯ ಸಲ ನಡುಗೆರೆ ದಾಟಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಮಾತು ನಿಂತಿತು, ಮಂಡಿ ಮಡಚಿತು, ಅವನು ಮುಖ ಕೆಳಗಾಗಿ ಬಿದ್ದ. ಹತ್ತಿರ ಬಂದವರನ್ನು ಮುಟ್ಟಿ ಓಡುವ ಉಪಾಯವಿದು ಎಂದುಕೊಂಡು ಎದುರಿನ ತಂಡ ದೂರವೇ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮೊದಲು ಗೆರೆ ದಾಟಿ ಓಡಿದವಳು ಸಾವಕ್ಕ.

ಆಸ್ಪತ್ರೆಗೆ ಅವಳು ನನ್ನನ್ನು ಸೆರಗಿನಲ್ಲಿ ಹಿಡಿದು ತಂದಳು. ವೈದ್ಯೆ ನನ್ನ ಬೆನ್ನನ್ನು ಓದಿದರು.

“ಇಂಥವು ಎಷ್ಟು ಕುಡಿದಿದ್ರು?”

“ಮೂರ್ರಿ.”

“ನೀರು?”

“ನಿನ್ನಿಯಿಂದ ಇಲ್ರಿ.”

“ಇದೊಂದರಿಂದಲೇ ಆಯ್ತು ಅಂತ ಹೇಳೋಕೆ ಬರಲ್ಲಮ್ಮ. ಮೈಯಲ್ಲಿ ನೀರಿಲ್ಲ, ಉಪ್ಪಿಲ್ಲ. ಅದರ ಮೇಲೆ ಇಷ್ಟು ಕೆಫೀನ್, ಅದರ ಮೇಲೆ ಓಟ. ಹೃದಯ ತಾಳ ತಪ್ಪಿದೆ.”

“ಹಂಗಾರ ಈಗ ಸರಿ ಮಾಡ್ರಿ.”

ವೈದ್ಯೆ ನನ್ನನ್ನು ಮೇಜಿನ ಮೇಲಿಟ್ಟು ಅವಳ ಕೈ ಹಿಡಿದುಕೊಂಡರು.

ಮುಂದಿನ ವರ್ಷ ಫಕೀರಪ್ಪ ಸಾವಕ್ಕನ ಮನೆಗೆ ಬಂದ. ಯಮನೂರನ ನೆನಪಿಗೆ ಪಂದ್ಯ ಇಟ್ಟಿದ್ದಾರೆ, ಬಹುಮಾನ ಅವಳೇ ಕೊಡಬೇಕು ಎಂದ.

“ತೂಕ ಎಷ್ಟ ಇಟ್ಟೀರಿ?” ಎಂದಳು.

ಫಕೀರಪ್ಪ ಚಹಾದ ಕಪ್ಪನ್ನು ನೋಡಿದ. “ಅದ. ಐವತ್ತೈದ.”

“ತೂಕ ತಗೀರಿ. ಇಲ್ಲಾಂದ್ರ ಹೆಸರ ತಗೀರಿ.”

“ತೂಕ ತಗದ್ರ ನಮ್ಮೂರ ಹುಡುಗ್ರು ಗೆಲ್ಲೂದಿಲ್ಲ ತಂಗಿ.”

ಪಂದ್ಯ ನಡೆಯಿತು. ಬ್ಯಾನರಿನಲ್ಲಿ ಹೆಸರಿರಲಿಲ್ಲ.

ನಾನೀಗ ಅವಳ ಅಡುಗೆಮನೆಯ ಗೂಡಿನಲ್ಲಿದ್ದೇನೆ. ಬಣ್ಣ ಮಾಸಿದೆ. ತುಕ್ಕು ಹಿಡಿಯುವ ಜಾತಿಯಲ್ಲ ನಾನು, ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ನನ್ನಂಥವರನ್ನು ಕರಗಿಸಿ ಮತ್ತೆ ಡಬ್ಬಿ ಮಾಡುತ್ತಾರಂತೆ, ಮತ್ತೆ ಅದನ್ನೇ ತುಂಬುತ್ತಾರಂತೆ. ಗುಜರಿಯವನು ಮಂಗಳವಾರ ಬರುತ್ತಾನೆ. ಅವಳು ನನ್ನನ್ನು ಬಾಗಿಲತನಕ ಒಯ್ಯುತ್ತಾಳೆ, ತಿರುಗಿ ತಂದು ಗೂಡಿನಲ್ಲಿಡುತ್ತಾಳೆ. ಮೊನ್ನೆ ಅವನು ಕೇಳಿಯೇಬಿಟ್ಟ.

“ಖಾಲಿ ಡಬ್ಬಿ ಇಟ್ಕೊಂಡು ಏನ್ ಮಾಡ್ತೀಯವ್ವಾ?”

“ಖಾಲಿನ ಇರ್ಲಿ,” ಎಂದಳು ಸಾವಕ್ಕ.